ಬಾಣದಪ್ಪನ ಕಾರ್ಡಿಗೆ ಅರಿಶಿನ

ನಮ್ಮ ಅಂಗಡಿಯಲ್ಲಿ ಕಾಗದಕ್ಕೆ ಎರಡೇ ಜಾತಿ. ಒಳಗಿನದು, ಹೊರಗಿನದು. ಮದುವೆ, ಗೃಹಪ್ರವೇಶ, ನಾಮಕರಣ, ಬೀಗರೂಟದ ಪತ್ರಿಕೆಗಳು ಒಳಗಿನ ಬೆಂಚಿನ ಮೇಲೆ ಕೂರುತ್ತವೆ. ತಿಥಿ ಕಾರ್ಡುಗಳು ಹೊಸಿಲಿನಾಚೆ, ಜಗುಲಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಗಾಳಿಗೆ ಹಾರದಂತೆ ತಲೆಯ ಮೇಲೊಂದು ಸುಲಿಯದ ತೆಂಗಿನಕಾಯಿ ಹೊತ್ತುಕೊಂಡು ಕಾಯುತ್ತವೆ. ಸಾವಿನ ಮನೆಯವರು ಬಂದು ಅಲ್ಲಿಂದಲೇ ಎತ್ತಿಕೊಂಡು ಹೋಗಬೇಕು. ಈ ಕಾನೂನು ಮಾಡಿದವರು ನಮ್ಮ ಅತ್ತೆ. ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿರುವ ಈ ಅಂಗಡಿಯಲ್ಲಿ ಕಂಪ್ಯೂಟರು, ಪ್ರಿಂಟರು, ಗಿರಾಕಿಗಳ ತಗಾದೆ ಸೊಸೆಯಾದ ನನ್ನವು. ಕಾನೂನು ಅವರದು.

ಒಳಗಿನ ಕಾಗದಕ್ಕೆ ಇನ್ನೊಂದು ಮರ್ಯಾದೆಯೂ ಉಂಟು. ಅತ್ತೆ ಬೆಂಚಿನ ತುದಿಯಲ್ಲಿ ಕೂತು, ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು, ಒಂದೊಂದು ಪತ್ರಿಕೆಯ ನಾಲ್ಕು ಮೂಲೆಗೂ ಹಚ್ಚುತ್ತಾರೆ. ಬೇರೆ ಅಂಗಡಿಗಳಲ್ಲಿ ಮದುವೆ ಮನೆಯವರು ಪತ್ರಿಕೆ ಒಯ್ದು ತಾವೇ ಹಚ್ಚಿಕೊಳ್ಳಬೇಕು. ನಮ್ಮಲ್ಲಿ ಹಚ್ಚಿಯೇ ಕೊಡುತ್ತೇವೆ. ಅತ್ತೆಯ ಕೈಗುಣ ಒಳ್ಳೆಯದೆಂದು ನೊಣವಿನಕೆರೆ, ಹಂದನಕೆರೆ ಕಡೆಯಿಂದೆಲ್ಲ ಜನ ಬರುತ್ತಾರೆ. ಅವರು ಅರಿಶಿನ ಹಚ್ಚಿದ ಪತ್ರಿಕೆಯ ಮದುವೆ ಮುರಿದದ್ದಿಲ್ಲವಂತೆ. ಮುರಿದ ಒಂದೆರಡು ನನಗೆ ಗೊತ್ತು. ಅವರು ಅರಿಶಿನ ಒಣಗುವ ಮೊದಲೇ ಅವಸರದಲ್ಲಿ ಎತ್ತಿಕೊಂಡು ಹೋದವರು ಎಂಬುದು ಅತ್ತೆಯ ವಾದ.

ಇಲ್ಲಿ ಯಾರ ಹೆಸರನ್ನೂ ಹಾಕುತ್ತಿಲ್ಲ. ಅತ್ತೆಯ ಹೆಸರು ಹಾಕಿದರೆ ನನಗೆ ಮನೆಯಲ್ಲಿ ಮುದ್ದೆ ಹುಟ್ಟುವುದಿಲ್ಲ, ಅವರದನ್ನು ಬಿಟ್ಟು ಉಳಿದವರದನ್ನು ಹಾಕುವುದು ನ್ಯಾಯವಲ್ಲ. ಕಡೆಗೆ ಸಂತರ ಹೆಸರನ್ನೂ ಬಿಟ್ಟಿದ್ದೇನೆ. ಅತ್ತೆ ಅವರಿಗಿಟ್ಟ ಹೆಸರೇ ಈಗ ನಮ್ಮ ಬೀದಿಯಲ್ಲಿ ಚಾಲ್ತಿಯಲ್ಲಿದೆ.

ಸಂಕ್ರಾಂತಿ ಮುಗಿದು ಎಳ್ಳುಬೆಲ್ಲದ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ. ಮಾಘದ ಮದುವೆಗಳ ಪತ್ರಿಕೆ ಕೆಲಸ ಶುರುವಾಗಿತ್ತು. ಒಂದು ಬೆಳಿಗ್ಗೆ ನಿವೃತ್ತ ನರ್ಸಮ್ಮ ಒಬ್ಬರು ಜಗುಲಿ ಹತ್ತಿ, ಮೇಲುಸಿರು ಬಿಡುತ್ತ ಕುರ್ಚಿಯಲ್ಲಿ ಕೂತರು. ಹಾಸನದ ಕಡೆಯ ಕ್ರೈಸ್ತರ ಮನೆಯವರು. ನಮ್ಮೂರಿಗೆ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ನಾನು ಎಳ್ಳುಬೆಲ್ಲ ಕೊಟ್ಟೆ. ಅತ್ತೆ ಮುಖ ತಿರುಗಿಸಿ ಅರಿಶಿನ ಹಚ್ಚುತ್ತಲೇ ಇದ್ದರು.

ಮುಖ ತಿರುಗಿಸಲು ಕಾರಣವಿತ್ತು. ಕೊರೊನಾ ಕಾಲದಲ್ಲಿ ಹಾಸ್ಟೆಲೊಂದನ್ನು ವಾರ್ಡು ಮಾಡಿದ್ದರಲ್ಲ, ಅಲ್ಲಿ ಅತ್ತೆಯನ್ನು ಸೇರಿಸಿದ್ದೆವು. ಮೂಗಿಗೆ ಆಕ್ಸಿಜನ್ ಕೊಳವೆ ಇಟ್ಟುಕೊಂಡೇ ಸೊಂಟದ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಸವರಲು ಹೊರಟಿದ್ದರಂತೆ. ಈ ನರ್ಸಮ್ಮ ಸಂಚಿಯನ್ನು ಕಿತ್ತುಕೊಂಡರು. ಆಮೇಲೆ ಮನೆಗೆ ಕಳಿಸುವಾಗ ವಾಪಸು ಕೊಟ್ಟರು ನಿಜ, ಆದರೆ ಫಿನಾಯಿಲ್ ವಾಸನೆಯೊಂದಿಗೆ. ಆ ಮಹಾಮಾರಿ ನಮ್ಮತ್ತೆಯ ನೆನಪಿನಲ್ಲಿ ಉಳಿದಿರುವುದು ಸಂಚಿ ಕಳೆದುಕೊಂಡ ಪ್ರಕರಣವಾಗಿ. ನಡುವೆ ಕೆಲವು ದಿನ ಅವರಿಗೆ ಎಚ್ಚರವೇ ಇರಲಿಲ್ಲ. ಆ ದಿನಗಳ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತೆತ್ತುವುದಿಲ್ಲ.

ನರ್ಸಮ್ಮ ಪರ್ಸಿನಿಂದ ಅಂಗೈಯಗಲದ ಹಳೆಯ ಕಾರ್ಡೊಂದನ್ನು ತೆಗೆದರು. ಮಡಿಕೆಯಲ್ಲಿ ಹರಿದು, ಬಣ್ಣವೆಲ್ಲ ಮಾಸಿತ್ತು. ಮುಂದೆ ಒಂದು ಚಿತ್ರ: ಮರಕ್ಕೆ ಕಟ್ಟಿಹಾಕಿದ ಯುವಕ, ಮೈತುಂಬ ನಾಟಿದ ಬಾಣಗಳು. ಹಿಂದೆ ಸಣ್ಣಕ್ಷರದಲ್ಲಿ ಅವರ ಚರಿತ್ರೆ, ಕೊನೆಗೊಂದು ಪ್ರಾರ್ಥನೆ.

"ನಮ್ಮ ತವರಿನ ಚರ್ಚಿನ ಪಾಲಕ ಸಂತರು. ರಕ್ತಸಾಕ್ಷಿ, ಧರ್ಮಕ್ಕಾಗಿ ಜೀವ ಕೊಟ್ಟೋರು" ಎಂದರು ನರ್ಸಮ್ಮ. "ಇಂಥದ್ದೇ ಕಾರ್ಡು ಆಗಬೇಕು ಕಣ್ರೀ. ಭಾನುವಾರ ಇಲ್ಲಿನ ಚರ್ಚಲ್ಲೂ ಇವರ ಹಬ್ಬ. ಫಾದರ್ ಆಶೀರ್ವಾದ ಮಾಡಿಕೊಟ್ಟ ಮೇಲೆ ಹಂಚಬೇಕು."

ಅತ್ತೆ ಇತ್ತ ತಿರುಗಿದರು. ಶತ್ರುವಿನ ಮೇಲಿನ ಕೋಪಕ್ಕಿಂತ ಚಿತ್ರದ ಮೇಲಿನ ಕುತೂಹಲ ದೊಡ್ಡದು.

"ಹಬ್ಬ ಅಂದ್ರೆ ಹುಟ್ಟಿದ್ ದಿನವಾ?" ಎಂದರು.

"ಇಲ್ಲಜ್ಜಿ, ತೀರಿಕೊಂಡ ದಿನ. ನಮ್ಮಲ್ಲಿ ಸಂತರಿಗೆ ಸತ್ತ ದಿನಾನೇ ಹಬ್ಬ."

"ಅಜ್ಜಿ" ಎಂದದ್ದಕ್ಕೆ ಹುಬ್ಬು ಗಂಟಾಯಿತು. ನರ್ಸಮ್ಮನಿಗಿಂತ ತಾನೇನು ಅಷ್ಟು ದೊಡ್ಡವಳಲ್ಲ ಎಂಬ ಹಳೆಯ ತಕರಾರು. ಆದರೆ ತೀರ್ಪು ಬಂದದ್ದು ಸತ್ತ ದಿನದ ಮೇಲೆ.

"ಸತ್ ದಿನದ್ ಕಾರ್ಡು ಒಳಗೆ ಬರಕಿಲ್ಲ. ಸ್ಟೂಲ್ ಮ್ಯಾಲೆ ಮಡಗ್ತೀವಿ. ಬಂದು ತಗಂಡೋಗ್ಲಿ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನರ್ಸಮ್ಮ ಬೇಸರಪಟ್ಟುಕೊಳ್ಳಲಿಲ್ಲ. "ಎಲ್ಲಾದ್ರೂ ಇಡಿ, ಶನಿವಾರ ಸಾಯಂಕಾಲಕ್ಕೆ ಸಿಕ್ಕರೆ ಸಾಕು. ಹರಕೆ ಇದು. ಹೊತ್ತು ವರ್ಷಗಳಾಯ್ತು, ಇವತ್ತು ನಾಳೆ ಅಂತ ತಳ್ಳಿಬಿಟ್ಟೆ. ಈಗ ನನ್ನ ಹಾರ್ಟಿನ ವಾಲ್ವ್ ಕೆಟ್ಟಿದೆ. ಹಬ್ಬ ಆದ ವಾರದಲ್ಲೇ ಆಪರೇಷನ್ನು. ಹರಕೆ ಬಾಕಿ ಇಟ್ಕೊಂಡು ಆ ಟೇಬಲ್ ಮೇಲೆ ಮಲಗೋಕೆ ನನಗೆ ಧೈರ್ಯ ಇಲ್ಲ" ಎಂದರು.

"ಯಾತರ ಹರಕೆ?" ಎಂದು ನಾನು ಕೇಳಿದೆ.

ಅತ್ತೆ ನನ್ನ ಮೇಲೆ ಎರಗಿದರು. "ತೀರೋಗಂಟ ಹರಕೆ ಯಾತಕ್ಕೆ ಅಂತ ಕೇಳಬಾರ್ದು ಕಣೇ. ಅಷ್ಟೂ ತಿಳೀದಾ ನಿಂಗೆ?" ಆಮೇಲೆ ನರ್ಸಮ್ಮನ ಕಡೆ ನೋಡದೆ, ಗೋಡೆಗೆ ಹೇಳುವವರಂತೆ, "ಶನಿವಾರಕ್ಕೆ ಆಯ್ತದೆ. ಹರಕೆ ಕೆಲಸ ನಿಲ್ಲಿಸಬಾರ್ದು" ಎಂದರು. ಸಂಚಿಯ ಜಗಳ ಬೇರೆ, ಹರಕೆ ಬೇರೆ ಎಂಬ ಲೆಕ್ಕ.

ಮಾಸಿದ ಚಿತ್ರವನ್ನು ಸ್ಕ್ಯಾನ್ ಮಾಡಿ ಬಣ್ಣ ತುಂಬಲು ಕೂತೆ. ಅತ್ತೆ ಕುರ್ಚಿಯ ಹಿಂದೆ ಬಂದು ನಿಂತರು. ಅವರು ಹಾಗೆ ನಿಂತರೆ ನನಗೆ ಮೌಸ್ ಹಿಡಿಯುವುದೇ ಮರೆತುಹೋಗುತ್ತದೆ.

"ಯಾವ್ ಮರ ಅದು? ತೆಂಗಾ?"

"ಅವರ ದೇಶದಲ್ಲಿ ತೆಂಗು ಎಲ್ಲಿ ಬರಬೇಕು ಅತ್ತೆ?"

"ಅದಕ್ಕೇ ಅವ್ನಿಗೆ ಆ ಗತಿ. ತೆಂಗಾಗಿದ್ರೆ ಕಾಯ್ತಿತ್ತು. ತೆಂಗಿಗೆ ಕಣ್ಣೈತೆ, ಬಾಣ ಹೊಡೆಯೋರ ತಲೆ ಮ್ಯಾಲೆ ಕಾಯಿ ಸರ್ಯಾಗ್ ಬೀಳ್ತಿತ್ತು." ಇನ್ನೊಂದು ಸ್ವಲ್ಪ ಬಗ್ಗಿ ನೋಡಿದರು. "ಇಷ್ಟು ಬಾಣ ಬಿದ್ರೂ ಮೊಕದಾಗೆ ನೋವೇ ಇಲ್ವಲ್ಲೇ. ಪಾಪ, ಬಾಣದಪ್ಪ."

ಹೆಸರು ಹಾಗೆ ಬಂತು. ಆದರೂ ಕಾರ್ಡು ಅಚ್ಚಾದ ಮೇಲೆ ಬಾಣದಪ್ಪನಿಗೆ ಸ್ಟೂಲೇ ಗತಿಯಾಯಿತು. ಮೇಲೆ ತೆಂಗಿನಕಾಯಿ.

ಶನಿವಾರ ಮಧ್ಯಾಹ್ನ ಮದುವೆ ಪತ್ರಿಕೆಗಳ ಗಂಟು ಹೊತ್ತು ತುರುವೇಕೆರೆಗೆ ಹೋಗಬೇಕಾಯಿತು. ಅಂಗಡಿಯಲ್ಲಿ ಅತ್ತೆಯೊಬ್ಬರೇ. ಸಾಯಂಕಾಲ ಬಸ್ಸಿಳಿದು ಬಂದು ನೋಡುತ್ತೇನೆ, ಸ್ಟೂಲು ಖಾಲಿ. ನಮ್ಮ ಬೀದಿಯಲ್ಲೊಂದು ಹಸುವಿದೆ, ಕಾಗದವೆಂದರೆ ಅದಕ್ಕೆ ಹುಲ್ಲಿಗಿಂತ ಪ್ರೀತಿ. ಹಿಂದೊಮ್ಮೆ ಯಾರದೋ ತಿಥಿ ಕಾರ್ಡುಗಳನ್ನು ಮೇಯ್ದಿತ್ತು. ಗೋವಿನ ಹೊಟ್ಟೆ ಸೇರಿತಲ್ಲ, ಸತ್ತವರಿಗೆ ನೇರ ಸ್ವರ್ಗ ಎಂದು ಅತ್ತೆ ಸಾವಿನ ಮನೆಯವರಿಗೇ ಸಮಾಧಾನ ಹೇಳಿ ಕಳಿಸಿದ್ದರು. ಈ ಸಲ ನರ್ಸಮ್ಮನಿಗೆ ಏನು ಹೇಳುವುದು?

ಒಳಗೆ ಹೋದೆ. ಬೆಂಚಿನ ಮೇಲೆ ಬಾಣದಪ್ಪ ಸಾಲು ಸಾಲಾಗಿ ಹರಡಿಕೊಂಡು ಒಣಗುತ್ತಿದ್ದರು. ಒಂದೊಂದು ಕಾರ್ಡಿನ ನಾಲ್ಕು ಮೂಲೆಯಲ್ಲೂ ಅರಿಶಿನ. ಅತ್ತೆ ಕಡೆಯ ಕಟ್ಟಿನ ಮೇಲೆ ಕೈಯಾಡಿಸುತ್ತಿದ್ದರು, ಬೆರಳ ತುದಿಯಿಂದ ಮೊಣಕೈವರೆಗೆ ಹಳದಿ.

"ಅತ್ತೆ, ಏನ್ ಮಾಡಿಬಿಟ್ರಿ?"

"ನೀನ್ ಮಾಡಬೇಕಾಗಿತ್ತು, ನಾ ಮಾಡ್ದೆ. ಹಿಂದ್ಗಡೆ ಏನ್ ಅಚ್ಚಾಕಿದೀಯ ಅಂತ ನೀನೇ ಓದಿಲ್ಲ."

ಮಧ್ಯಾಹ್ನ ಗಿರಾಕಿಗಳಿಲ್ಲದೆ ಬೇಸರವಾಗಿ ಒಂದು ಕಾರ್ಡು ತೆಗೆದುಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು ಚರಿತ್ರೆ ಓದಿದ್ದಾರೆ. ಬಾಣ ಹೊಡೆದವರು ಸತ್ತನೆಂದು ಬಿಟ್ಟುಹೋದರು. ಒಬ್ಬ ವಿಧವೆ ಬಂದು ನೋಡಿದಳು, ಉಸಿರಿತ್ತು. ಮನೆಗೆ ಒಯ್ದು ಗಾಯ ಕಟ್ಟಿ ಬದುಕಿಸಿಕೊಂಡಳು. ಗುಣವಾದ ಮೇಲೆ ಅವರು ಓಡಿಹೋಗಲಿಲ್ಲ. ನೆಟ್ಟಗೆ ಚಕ್ರವರ್ತಿಯ ಮುಂದೆ ಹೋಗಿ ನಿಂತು, ನೀನು ಮಾಡುತ್ತಿರುವುದು ಪಾಪ ಎಂದು ಮುಖಕ್ಕೆ ಹೇಳಿದರು.

"ಬದುಕವ್ನೆ ಕಣೇ" ಎಂದರು ಅತ್ತೆ. "ಬದುಕಿ ಎದ್ದೋಗಿ ರಾಜಂಗೇ ಬೈದವ್ನೆ. ಅಂಥೋನ್ನ ತಿಥಿ ಕಾರ್ಡ್ ಜೊತೆ ಬಿಸಿಲಾಗೆ ಮಡಗಿದ್ವಲ್ಲ, ನಮಗೆ ಒಳ್ಳೇದಾದಾತಾ?"

"ಕಡೇ ಸಾಲು ಓದಿದ್ರಾ?"

ಕಡೆಯ ಸಾಲಿನಲ್ಲಿ ಚಕ್ರವರ್ತಿ ಅವರನ್ನು ಮತ್ತೆ ಹಿಡಿಸಿ, ದೊಣ್ಣೆಗಳಿಂದ ಬಡಿಸಿ ಕೊಲ್ಲಿಸುತ್ತಾನೆ. ಅದನ್ನು ಅವರು ಅರಿಶಿನ ಹಚ್ಚಿ ಮುಗಿಸುವ ಹೊತ್ತಿಗೆ ಓದಿದ್ದರಂತೆ. "ಅದು ಬ್ಯಾರೆ ದಿನದ್ ಕತೆ ಬುಡು. ಪಟದಾಗಿರೋ ದಿನ ಬದುಕಿದ್ನಲ್ಲ?"

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಆ ದಪ್ಪ ಕಾಗದ ತರಿಸಿದ್ದಷ್ಟೂ ಮುಗಿದಿತ್ತು, ಮತ್ತೆ ಬರಬೇಕಾದರೆ ಸೋಮವಾರ. ಬೆಳಗಾದರೆ ಚರ್ಚಿನಲ್ಲಿ ಪೂಜೆ. ಅಷ್ಟರಲ್ಲಿ ನರ್ಸಮ್ಮ ಬಂದೇಬಿಟ್ಟರು. ಬೆಂಚು ನೋಡಿದರು. ಒಂದು ಕಾರ್ಡು ಎತ್ತಿಕೊಂಡರು. ಬೆರಳಿಗೆ ಹಳದಿ ಅಂಟಿತು.

"ತಪ್ಪಾಯ್ತು ಮೇಡಂ" ಎಂದೆ. "ಮೂಲೆ ದುಂಡಗೆ ಮಾಡೋ ಕಟರ್ ಇದೆ. ನಾಲ್ಕು ಮೂಲೇನೂ ಕತ್ತರಿಸಿಬಿಟ್ರೆ ಅರಿಶಿನ ಹೋಗುತ್ತೆ, ನೋಡೋಕೂ ಚೆನ್ನಾಗಿರುತ್ತೆ."

"ಅರಿಶಿನ ಹಚ್ಚಿದ್ದನ್ನ ಕತ್ತರಿಸ್ತಾಳಂತೆ" ಎಂದು ಅತ್ತೆ ಎದ್ದು ನಿಂತರು. "ಮುಂದಿನ ವಾರ ಆಪ್ರೇಸನ್ ಮಡಿಕಂಡಿರೋರ ಹರಕೆ ಕಾರ್ಡಿಗೆ ಕತ್ತರಿ ಹಾಕ್ತೀಯೇನೇ? ಬುದ್ಧಿ ಐತಾ?"

ನರ್ಸಮ್ಮನ ಮುಖ ಬಾಡಿತ್ತು. ಫಾದರ್ ಹೊಸಬರು, ಒಪ್ಪುತ್ತಾರೋ ಇಲ್ಲವೋ, ಒಪ್ಪದಿದ್ದರೆ ಹರಕೆ ಹಾಗೇ ಉಳಿಯುತ್ತದೆ ಎಂದು ಮೆಲ್ಲಗೆ ಹೇಳಿದರು.

"ಒಪ್ಪದೆ ಏನ್ಮಾಡ್ತಾರೆ? ನಾನೇ ಬತ್ತೀನಿ. ನಾನೇ ಹೇಳ್ತೀನಿ" ಎಂದರು ಅತ್ತೆ. ನರ್ಸಮ್ಮನಿಗೆ ಅದನ್ನು ಕೇಳಿ ಇನ್ನಷ್ಟು ಭಯವಾದಂತೆ ಕಂಡಿತು.

ಭಾನುವಾರ ಬೆಳಿಗ್ಗೆ ಚಳಿಯಲ್ಲಿ ಅತ್ತೆ ರೇಷ್ಮೆ ಸೀರೆ ಉಟ್ಟು, ಸೊಂಟಕ್ಕೆ ಸಂಚಿ ಸಿಕ್ಕಿಸಿಕೊಂಡು ಹೊರಟರು. ನಾನು ಕಾರ್ಡಿನ ಪೆಟ್ಟಿಗೆ ಹೊತ್ತು ಹಿಂದೆ. ಚರ್ಚಿನೊಳಗೆ ಕಡೆಯ ಬೆಂಚಿನಲ್ಲಿ ಕೂತೆವು. ಎಲ್ಲರೂ ಎದ್ದಾಗ ಅತ್ತೆ ಕೂತರು, ಎಲ್ಲರೂ ಕೂತಾಗ ಎದ್ದರು. ಪೂಜೆಗೆ ಬಂದ ಫಾದರ್ ಕೆಂಪು ವಸ್ತ್ರ ತೊಟ್ಟಿದ್ದರು. ರಕ್ತಸಾಕ್ಷಿಗಳ ಹಬ್ಬಕ್ಕೆ ಅದೇ ಬಣ್ಣವಂತೆ. ಅತ್ತೆ ನನ್ನ ಪಕ್ಕೆ ತಿವಿದು, "ನೋಡ್ದಾ? ಕೆಂಪು. ತಿಥಿಗೆ ಯಾರಾರ ಕೆಂಪು ಹಾಕ್ತಾರಾ?" ಎಂದು ಪಿಸುಗುಟ್ಟಿದರು. ಅವರ ಪಿಸುಮಾತು ಮೂರು ಬೆಂಚಿನಾಚೆಗೂ ಕೇಳುತ್ತದೆ.

ಪೂಜೆ ಮುಗಿದ ಮೇಲೆ ನರ್ಸಮ್ಮ ಪೆಟ್ಟಿಗೆಯನ್ನು ಪೀಠದ ಹತ್ತಿರ ಒಯ್ದರು. ನಾವಿಬ್ಬರೂ ಜೊತೆಗೆ ನಿಂತೆವು. ಫಾದರ್ ಕಾರ್ಡು ತಿರುಗಿಸಿ ನೋಡಿ, "ಇದೇನಮ್ಮ, ಮೂಲೆಯೆಲ್ಲ ಹಳದಿ?" ಎಂದರು.

ನರ್ಸಮ್ಮ ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು. "ಅರಿಶಿನ ಸ್ವಾಮಿ. ನಾನೇ ಹಚ್ಚಿದ್ದು. ಸತ್ತೋರ್ ಕಾರ್ಡಿಗೆ ನಾವು ಹಚ್ಚಕಿಲ್ಲ. ಇವಪ್ಪ ಬದುಕಿದ್ನಲ್ಲ, ಅದಕ್ಕೆ ಹಚ್ದೆ."

"ಆದರೆ ಕಡೆಗೆ ಸತ್ತರಲ್ಲಮ್ಮ. ಅದಕ್ಕೇ ಅವರು ರಕ್ತಸಾಕ್ಷಿ."

"ಕಡೆಗೆ ಯಾರ್ ಸಾಯಕಿಲ್ಲ ಸ್ವಾಮಿ? ನೀವೂ ಪಟ ಬರೆಸಿರೋದು ಬದುಕಿದ್ ದಿನದ್ದೇ ಅಲ್ವಾ?"

ಫಾದರ್ ಮತ್ತೆ ಕಾರ್ಡು ತಿರುಗಿಸಿ ಪಟ ನೋಡಿದರು. ಆಮೇಲೆ ನಕ್ಕರು. "ನಮ್ಮ ಮನೆಯಲ್ಲೂ ಮದುವೆ ಕಾರ್ಡಿಗೆ ನಮ್ಮಮ್ಮ ಅರಿಶಿನ ಹಚ್ಚೋರು" ಎಂದು ಪೆಟ್ಟಿಗೆಯ ಮೇಲೆ ಕೈಯಿಟ್ಟರು. "ಹರಕೆ ಯಾತಕ್ಕಾಗಿ ಅಂತ ಹೇಳಿ, ಅದನ್ನೂ ಸೇರಿಸಿ ಪ್ರಾರ್ಥನೆ ಮಾಡೋಣ."

ಹರಕೆ ಯಾತಕ್ಕೆ ಅಂತ ಕೇಳಬಾರದು ಎಂದು ಅತ್ತೆ ಫಾದರ್ ಮೇಲೂ ಎರಗುತ್ತಾರೆಂದು ನಾನು ಕಾದೆ. ಅವರು ಒಂದು ಹೆಜ್ಜೆ ಹತ್ತಿರ ಬಂದರು. ಅವರಿಗೂ ತಿಳಿಯಬೇಕಿತ್ತು.

ನರ್ಸಮ್ಮ ನೆಲ ನೋಡುತ್ತ ಹೇಳಿದರು. "ಕೊರೊನಾ ವಾರ್ಡಲ್ಲಿ ಒಬ್ಬರು ಅಜ್ಜಿ ಇದ್ರು ಫಾದರ್. ಎಲೆಅಡಿಕೆ ಸಂಚಿ ಕಿತ್ಕೊಂಡೆ ಅಂತ ನನ್ನ ಕಂಡಾಗೆಲ್ಲ ಬಯ್ಯೋರು. ನಮಗೆ ಅದೊಂದೇ ತಮಾಷೆ ಅಲ್ಲಿ. ಒಂದು ಬೆಳಿಗ್ಗೆ ಹೋಗ್ತೀನಿ, ಬೈಗುಳ ಇಲ್ಲ. ಕಣ್ಣು ಬಿಡ್ತಾ ಇಲ್ಲ. ಹಾಗೆ ಸುಮ್ಮನಾದೋರು ಆ ವಾರ ಯಾರೂ ಮತ್ತೆ ಮಾತಾಡಿರ್ಲಿಲ್ಲ. ಈ ಕಾರ್ಡು ಜೇಬಲ್ಲಿತ್ತು. ಹಿಡ್ಕೊಂಡು ಕೇಳಿದೆ, ಈ ಅಜ್ಜಿ ಇನ್ನೊಂದು ಸಲ ನನ್ನನ್ನ ಬೈಯ್ಲಿ ಸ್ವಾಮಿ, ನಿಮ್ಮ ಕಾರ್ಡು ಊರಿಗೆಲ್ಲ ಹಂಚ್ತೀನಿ ಅಂತ. ಅಷ್ಟೇ."

"ಬೈದರಾ?" ಎಂದರು ಫಾದರ್.

"ಕಣ್ಣು ಬಿಟ್ಟೋರೇ ಬೈದರು."

"ಏನಂತ?"

"ಇಲ್ಲಿ ಹೇಳೋ ಹಾಗಿಲ್ಲ ಫಾದರ್."

ನನಗೆ ಅಳು ಬಂತು. ಆ ದಿನಗಳಲ್ಲಿ ನಾವು ಫೋನಿನ ಮುಂದೆ ಕೂತು ದೇವರ ಹೆಸರು ಹೇಳುವುದೂ ಮರೆತಿದ್ದೆವು. ನಮ್ಮ ಪರವಾಗಿ ಒಬ್ಬರು ಪ್ಲಾಸ್ಟಿಕ್ ಅಂಗಿಯೊಳಗೆ ಬೆವರುತ್ತ, ನಮಗೆ ಹೆಸರೂ ಗೊತ್ತಿಲ್ಲದ ಸಂತರ ಹತ್ತಿರ ಚೌಕಾಸಿ ಮಾಡುತ್ತಿದ್ದರು. ಅತ್ತೆಯ ಕಡೆ ನೋಡಿದೆ. ಅವರು ಸೆರಗಿನ ತುದಿಯಿಂದ ಅರಿಶಿನದ ಬೆರಳುಗಳನ್ನು ಒರೆಸುತ್ತಿದ್ದರು. ಅರಿಶಿನ ಹಾಗೆ ಹೋಗುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

"ಅಜ್ಜಿ ಅನ್ಬೇಡ ಅಂತ ಆವಾಗ್ಲೇ ಹೇಳಿದ್ದೆ" ಎಂದರು ಕಡೆಗೆ.

ಫಾದರ್ ತೀರ್ಥ ಚಿಮುಕಿಸಿದರು. ಅತ್ತೆ ಪೆಟ್ಟಿಗೆಯಿಂದ ಒಂದು ಕಟ್ಟು ಎತ್ತಿಕೊಂಡು ಹೋಗಿ ಬಾಗಿಲಲ್ಲಿ ನಿಂತು, ಹೊರಗೆ ಹೋಗುವವರಿಗೆಲ್ಲ ಅಕ್ಷತೆ ಕೊಡುವವರಂತೆ ಎರಡು ಕೈಯಲ್ಲೂ ಕೊಟ್ಟರು. ಗೇಟಿನಾಚೆ ಆಟೋದವರನ್ನೂ ಬಿಡಲಿಲ್ಲ. ಹರಕೆ ಊರಿಗೆಲ್ಲ ಎಂದಿತ್ತಲ್ಲ. ಈಗ ನಮ್ಮೂರಿನ ಮಂಡಿಗಳಲ್ಲಿ, ಕೊಬ್ಬರಿ ಅಟ್ಟಗಳಲ್ಲಿ, ಆಟೋಗಳ ಗಾಜಿನ ಮೇಲೆ ಬಾಣದಪ್ಪನಿದ್ದಾರೆ. ಕೆಂಕೆರೆಯ ಗಿರಾಕಿಯೊಬ್ಬರು ನುಸಿ ಹಿಡಿದ ತೆಂಗಿಗೆ ಕಾರ್ಡು ಕಟ್ಟಿದ್ದೇನೆಂದರು. ಕಡೆಗೂ ತೆಂಗಿನ ಮರ ಸಿಕ್ಕಿತಲ್ಲ ಎಂದುಕೊಂಡೆ.

ಹಬ್ಬದ ಮರುದಿನ ಹಳೆಯ ಫೈಲುಗಳನ್ನು ಅಳಿಸುತ್ತಿದ್ದೆ. ಅತ್ತೆ ಕುರ್ಚಿಯ ಹಿಂದೆ ಬಂದು ನಿಂತರು.

"ಬಾಣದಪ್ಪನ್ನ ಅಳಿಸಬ್ಯಾಡ."

"ಯಾಕತ್ತೆ? ಕೆಲಸ ಮುಗೀತಲ್ಲ."

"ಯಾಕೆ ಅಂತ ಕೇಳಬಾರ್ದು."

ನಾನು ಕೇಳಲಿಲ್ಲ. ಆ ವಾರ ನರ್ಸಮ್ಮನ ಆಪರೇಷನ್ ಆಯಿತು. ಒಂದೆರಡು ದಿನ ಅವರ ಫೋನು ಯಾರೂ ಎತ್ತಲಿಲ್ಲ. ಆಮೇಲೆ ಅವರ ತಮ್ಮನ ಮಗಳು ಎತ್ತಿ, ಇನ್ನೂ ಐಸಿಯುನಲ್ಲಿದ್ದಾರೆ, ಏನೂ ಹೇಳಲಾಗದು ಎಂದಳು. ಅತ್ತೆ ನನ್ನನ್ನು ಬೈಯುವುದನ್ನು ನಿಲ್ಲಿಸಿದರು. ಒಂದು ಗೃಹಪ್ರವೇಶದ ಪತ್ರಿಕೆಯಲ್ಲಿ ಮನೆಯ ಹೆಸರನ್ನೇ ತಪ್ಪಾಗಿ ಅಚ್ಚು ಹಾಕಿದೆ, ಆಗಲೂ ಏನೂ ಅನ್ನಲಿಲ್ಲ. ಸುಮ್ಮನೆ ಕೂತು ಎಲೆ ಮೇಲೆ ಎಲೆ ಹಾಕಿಕೊಳ್ಳುತ್ತಿದ್ದರು. ಆ ವಾರ್ಡಿನಲ್ಲಿ ನರ್ಸಮ್ಮನಿಗೆ ಯಾಕೆ ಅಷ್ಟು ಹೆದರಿಕೆಯಾಯಿತೆಂದು ನನಗೆ ಆಗ ಅರ್ಥವಾಯಿತು.

ಮಾಘ ಕಳೆದು ಶಿವರಾತ್ರಿ ದಾಟಿದ ಮೇಲೆ, ಒಂದು ಮಧ್ಯಾಹ್ನ, ಜಗುಲಿಯ ಹತ್ತಿರ ಆಟೋ ನಿಂತಿತು. ನರ್ಸಮ್ಮ ಇಳಿದರು. ಸೊರಗಿಹೋಗಿದ್ದರು, ಆದರೆ ಮೆಟ್ಟಿಲು ಹತ್ತುವಾಗ ಮೇಲುಸಿರಿರಲಿಲ್ಲ. ಒಳಗೆ ಬಂದು ಅತ್ತೆಯ ಕೆಂಪು ಬಾಯನ್ನು ನೋಡಿದರು. ಕೂರಲಿಲ್ಲ. ನಿಂತಲ್ಲಿಂದಲೇ ಕೈ ಚಾಚಿದರು.

"ಈ ವಯಸ್ಸಲ್ಲಿ ಇಷ್ಟು ಹಾಕ್ಕೋಬಾರ್ದು ಅಂತ ಎಷ್ಟು ಸಲ ಹೇಳೋದಜ್ಜಿ? ಕೊಡಿ ಇಲ್ಲಿ ಸಂಚಿ."

ಅತ್ತೆ ಸೊಂಟದಿಂದ ಸಂಚಿ ಬಿಚ್ಚಿ, ಒಂದೂ ಬೈಗುಳವಿಲ್ಲದೆ, ಆ ಕೈಯಲ್ಲಿಟ್ಟರು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಅವರು ನನ್ನ ಕಡೆ ತಿರುಗಿದರು.

"ಏನ್ ನೋಡ್ತಾ ಕುಂತಿದ್ದೀಯೇ ದಂಡಪಿಂಡ? ಬಾಣದಪ್ಪನ್ ಕಾರ್ಡು ತೆಗೆದು ಮೆಶಿನ್ ಹಾಕು, ಹರಕೆ ಕೆಲಸ ನಿಲ್ಲಿಸಬಾರ್ದು. ನಾನು ಅರಿಶಿನ ಕಲಸ್ತೀನಿ."